ಮಾಡೆಲ್ ಬಣ್ಣದ ಬಾಟಲಿ ಎಷ್ಟು ವರ್ಷ ಬಾಳುತ್ತದೆ? ಫ್ರಿಜ್‌ನಲ್ಲಿ ಇಡಬೇಕೆ? ಪೆಟ್ರೋಲ್ ಬೆರೆಸಬಹುದೆ?

ಮಕ್ಕಳ ಸೈನ್ಸ್ ಪ್ರಾಜೆಕ್ಟ್, ಪ್ಲಾಸ್ಟಿಕ್ ವಿಮಾನದ ಕಿಟ್, ದಸರಾ ಗೊಂಬೆ, ಮಣ್ಣಿನ ಗಣಪ. ಇವುಗಳಲ್ಲಿ ಯಾವುದಕ್ಕೋ ತಂದ ಪುಟ್ಟ ಬಣ್ಣದ ಬಾಟಲಿಗಳು ಬಹುತೇಕ ಎಲ್ಲರ ಮನೆಯಲ್ಲೂ ಉಳಿದಿರುತ್ತವೆ. ಅರ್ಧ ಖಾಲಿಯಾದ ಬಾಟಲಿಯನ್ನು ಎಸೆಯಲು ಮನಸ್ಸಾಗುವುದಿಲ್ಲ, ಬಳಸಲು ಧೈರ್ಯವೂ ಬರುವುದಿಲ್ಲ. ‘ವರ್ಷವಾದರೆ ಬಣ್ಣ ವಿಷ’, ‘ಫ್ರಿಜ್‌ನಲ್ಲಿಟ್ಟರೆ ಹತ್ತು ವರ್ಷ ಬಾಳುತ್ತದೆ’, ‘ಗಟ್ಟಿಯಾದರೆ ಎರಡು ಹನಿ ಪೆಟ್ರೋಲ್ ಹಾಕಿ’ ಎಂಬ ಸಲಹೆಗಳು ಫೋನಿಂದ ಫೋನಿಗೆ ಹರಿದಾಡುತ್ತವೆ. ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ನೋಡೋಣ.

ಮೊದಲು ಬಣ್ಣ ಯಾವುದು ಎಂದು ತಿಳಿಯಿರಿ

ಎಲ್ಲ ಬಣ್ಣಗಳೂ ಒಂದೇ ರೀತಿ ಒಣಗುವುದಿಲ್ಲ. ಆದ್ದರಿಂದ ಅವು ಹಾಳಾಗುವ ರೀತಿಯೂ ಬೇರೆ ಬೇರೆ.

• ಅಕ್ರಿಲಿಕ್: ಇದು ನೀರಿನ ಆಧಾರದ ಬಣ್ಣ. ನೀರು ಆರಿದಾಗ ಅದರಲ್ಲಿರುವ ಪ್ಲಾಸ್ಟಿಕ್‌ನ ಸೂಕ್ಷ್ಮ ಕಣಗಳು ಒಂದಕ್ಕೊಂದು ಅಂಟಿ ಪದರವಾಗುತ್ತವೆ. ಒಮ್ಮೆ ಹಾಗೆ ಅಂಟಿಕೊಂಡ ಮೇಲೆ ಎಷ್ಟು ನೀರು ಹಾಕಿದರೂ ಮತ್ತೆ ಕರಗುವುದಿಲ್ಲ.
• ಎನಾಮಲ್: ಎಣ್ಣೆಯ ಅಂಶವಿರುವ ಬಣ್ಣ. ಇದು ಗಾಳಿಯಲ್ಲಿರುವ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತದೆ. ಹಳೆಯ ಡಬ್ಬಿಯ ಮೇಲೆ ಹಾಲಿನ ಕೆನೆಯಂಥ ಪದರ ಕಟ್ಟುವುದು ಇದೇ ಕಾರಣಕ್ಕೆ.
• ಲ್ಯಾಕರ್: ಇದರ ದ್ರಾವಕ ಆವಿಯಾಗಿ ಹೋದರೆ ಬಣ್ಣ ಗಟ್ಟಿಯಾಗುತ್ತದೆ. ಸರಿಯಾದ ಥಿನ್ನರ್ ಹಾಕಿದರೆ ಸಾಮಾನ್ಯವಾಗಿ ಮತ್ತೆ ಕರಗುತ್ತದೆ.

ಹಾಗಾಗಿ ಎಲ್ಲ ಬಣ್ಣಕ್ಕೂ ಒಂದೇ ‘ಎಕ್ಸ್‌ಪೈರಿ’ ಹೇಳಲು ಬರುವುದಿಲ್ಲ. ಮುಚ್ಚಳ ತೆರೆಯದ ಬಾಟಲಿ ಹಲವು ವರ್ಷ ಚೆನ್ನಾಗಿಯೇ ಇರುತ್ತದೆ. ತೆರೆದ ಮೇಲೆ ಅದರ ಆಯಸ್ಸು ಒಳಗೆ ಎಷ್ಟು ಗಾಳಿ ಹೋಯಿತು, ಎಂಥ ನೀರು ಸೇರಿತು, ಬಾಟಲಿ ಎಷ್ಟು ಬಿಸಿಯಾಯಿತು ಎಂಬುದರ ಮೇಲೆ ನಿಂತಿದೆ.

ಹೇಳಿಕೆ 1: ಬಣ್ಣವನ್ನು ಫ್ರಿಜ್‌ನಲ್ಲಿ ಇಡಬೇಕು

ತಪ್ಪು. ನೀರಿನ ಬಣ್ಣ ಹೆಪ್ಪುಗಟ್ಟಿದರೆ ಅದರ ಕಣಗಳು ಮೊಸರು ಒಡೆದಂತೆ ಒಡೆದು ಗಂಟಾಗುತ್ತವೆ. ‘ಚಳಿಯಿಂದ ಕಾಪಾಡಿ’ ಎಂಬ ಎಚ್ಚರಿಕೆ ಹಿಮ ಬೀಳುವ ದೇಶಗಳವರಿಗೆ ಸರಿ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ಇಲ್ಲಿ ಬಣ್ಣ ಹೆಪ್ಪುಗಟ್ಟುವ ಒಂದೇ ಜಾಗವೆಂದರೆ ನಾವೇ ಇಡುವ ಫ್ರೀಜರ್. ದ್ರಾವಕದ ವಾಸನೆಯ ಬಾಟಲಿಯನ್ನು ಹಾಲು, ತರಕಾರಿ ಪಕ್ಕ ಇಡುವುದಂತೂ ಬೇಡವೇ ಬೇಡ. ಮಕ್ಕಳು ಅದನ್ನು ತಿನ್ನುವ ವಸ್ತು ಎಂದುಕೊಳ್ಳುವ ಅಪಾಯವೂ ಇದೆ.

ನಮ್ಮ ಕಡೆಯ ನಿಜವಾದ ಶತ್ರು ಬಿಸಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ತಾಪಮಾನ 39.2 ಡಿಗ್ರಿ ಮುಟ್ಟಿತ್ತು. ಅದು ನೆರಳಿನ ಲೆಕ್ಕ. ಶ್ರೀಗಂಧದ ಕಾವಲ್, ಸುಂಕದಕಟ್ಟೆ, ಕೆಂಗೇರಿ ಕಡೆ ಟೆರೇಸ್ ಮೇಲೆ ಶೀಟ್ ಹಾಕಿದ ರೂಮಿದ್ದರೆ, ಮಧ್ಯಾಹ್ನ ಅದರೊಳಗೆ ಇನ್ನೂ ಹೆಚ್ಚು ಕಾವು. ಸ್ಕೂಟರ್ ಡಿಕ್ಕಿಯ ಕಥೆಯೂ ಅಷ್ಟೇ. ಹಳೆಯ ಸಾಮಾನೆಂದು ಬಣ್ಣದ ಡಬ್ಬಿಯನ್ನು ಅಲ್ಲಿಗೆ ಸಾಗಿಸಬೇಡಿ. ಕೆಳಗಿನ ಮನೆಯ ಬೀರು, ಒಲೆಯಿಂದ ದೂರವಿರುವ ಕಪಾಟು ಸಾಕು.

ಹೇಳಿಕೆ 2: ಗಟ್ಟಿಯಾದರೆ ಪೆಟ್ರೋಲ್ ಅಥವಾ ನೇಲ್ ಪಾಲಿಶ್ ರಿಮೂವರ್ ಬೆರೆಸಿ

ಅಪಾಯಕಾರಿ. ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು. ರಿಮೂವರ್‌ಗಳಲ್ಲಿ ಅನೇಕವು ಅಸಿಟೋನ್ ಇರುವಂಥವು. ಮಾಡೆಲ್ ಕಿಟ್‌ಗಳನ್ನು ಹೆಚ್ಚಾಗಿ ಪಾಲಿಸ್ಟೈರಿನ್ ಪ್ಲಾಸ್ಟಿಕ್‌ನಿಂದ ಮಾಡುತ್ತಾರೆ, ಥರ್ಮೋಕೋಲ್ ಕೂಡ ಅದೇ ಪ್ಲಾಸ್ಟಿಕ್‌ನ ನೊರೆ. ಪೆಟ್ರೋಲ್ ತಾಗಿದ ಥರ್ಮೋಕೋಲ್ ಕರಗಿ ಕುಸಿಯುವುದನ್ನು ಕಂಡವರಿಗೆ ವಿವರಿಸಿ ಹೇಳಬೇಕಿಲ್ಲ.

ಸರಿಯಾದ ದಾರಿ ಸುಲಭ. ಎನಾಮಲ್‌ಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಟರ್ಪೆಂಟೈನ್. ಲ್ಯಾಕರ್‌ಗೆ ಲ್ಯಾಕರ್ ಥಿನ್ನರ್. ಅಕ್ರಿಲಿಕ್‌ಗೆ ಅದೇ ಕಂಪನಿಯ ಥಿನ್ನರ್ ಅಥವಾ ಸ್ವಲ್ಪ ಶುದ್ಧ ನೀರು. ಕೆನೆ ಕಟ್ಟಿದ ಎನಾಮಲ್ ಆಗಿದ್ದರೆ ಆ ಪದರವನ್ನು ಕಲಕಬೇಡಿ, ಪೂರ್ತಿ ಎತ್ತಿ ತೆಗೆದು ಕೆಳಗಿನ ಬಣ್ಣ ಬಳಸಿ.

ಹೇಳಿಕೆ 3: ನೀರಿನ ಬಣ್ಣಕ್ಕೆ ಯಾವ ನೀರಾದರೂ ನಡೆಯುತ್ತದೆ

ಬ್ರಶ್ ಅದ್ದಿ ಆಗಲೇ ಬಳಿಯುವುದಕ್ಕೆ ನಡೆಯುತ್ತದೆ, ಬಾಟಲಿಯೊಳಗೆ ಸುರಿದಿಡುವುದಕ್ಕೆ ಅಲ್ಲ. ಬೋರ್‌ವೆಲ್‌ನ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಣ್ಣದ ಕಣಗಳನ್ನು ಗಂಟು ಕಟ್ಟಿಸಬಹುದು. ಸಂಪಿನ ನೀರಿನಲ್ಲಿ, ಒದ್ದೆ ಬ್ರಶ್‌ನಲ್ಲಿ ಸೂಕ್ಷ್ಮಜೀವಿಗಳಿರುತ್ತವೆ. ಅವು ತಡೆಯದಷ್ಟು ಬೆಳೆದಾಗ ಬಣ್ಣ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಯುಪಿಎಸ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನ ಹೊಸ ಬಾಟಲಿಯೊಂದು ಇದ್ದರೆ ಸಾಕು. ಬೇಕಾದಷ್ಟು ಬಣ್ಣವನ್ನು ತಟ್ಟೆಗೆ ಸುರಿದುಕೊಂಡು ಅಲ್ಲೇ ನೀರು ಬೆರೆಸಿ. ಉಳಿದದ್ದನ್ನು ಮತ್ತೆ ಬಾಟಲಿಗೆ ಹಾಕಬೇಡಿ. ಉಪ್ಪಿನಕಾಯಿ ಭರಣಿಗೆ ಒದ್ದೆ ಚಮಚ ಹಾಕದಂಥದ್ದೇ ನಿಯಮ ಇದು.

ಹೇಳಿಕೆ 4: ಬಾಟಲಿ ತಲೆಕೆಳಗಾಗಿ ಇಟ್ಟರೆ ಒಣಗುವುದಿಲ್ಲ

ಅರ್ಧ ಸತ್ಯ. ಬಿಗಿಯಾಗಿ ಮುಚ್ಚಿದ ಎನಾಮಲ್ ಡಬ್ಬಿಯಲ್ಲಿ ಬಣ್ಣವೇ ಮುಚ್ಚಳದ ಸಂದನ್ನು ಮುಚ್ಚುವುದರಿಂದ ಸ್ವಲ್ಪ ಪ್ರಯೋಜನವಿದೆ. ಆದರೆ ಮುಚ್ಚಳ ಸಡಿಲವಿದ್ದರೆ ಸೋರುತ್ತದೆ, ಡ್ರಾಪರ್ ಬಾಟಲಿಯಾದರೆ ಮೂತಿ ಕಟ್ಟಿಕೊಳ್ಳುತ್ತದೆ. ಮುಚ್ಚುವ ಮೊದಲು ಬಾಯಿಯ ಅಂಚನ್ನು ಬಟ್ಟೆಯಿಂದ ಒರೆಸುವುದು ಇದಕ್ಕಿಂತ ಒಳ್ಳೆಯ ಉಪಾಯ. ಬಣ್ಣ ಕಾಲು ಭಾಗಕ್ಕೆ ಇಳಿದಿದ್ದರೆ ಚಿಕ್ಕ ಗಾಜಿನ ಬಾಟಲಿಗೆ ತುಂಬಿ, ಹೆಸರು, ದಿನಾಂಕ ಬರೆದಿಡಿ. ಗಾಳಿಗೆ ಜಾಗ ಕಡಿಮೆಯಾದಷ್ಟೂ ಆಯಸ್ಸು ಹೆಚ್ಚು.

ಬೆಳಕೂ ಕೆಲವು ವಸ್ತುಗಳಿಗೆ ಶತ್ರು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಮೈಸೂರಿನಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆ, ಇಂದಿನ ಮೈಸೂರು ಪೇಂಟ್ಸ್, 1962ರಿಂದ ಚುನಾವಣೆಯ ಅಳಿಸಲಾಗದ ಶಾಯಿ ತಯಾರಿಸುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕಿಗೆ ಕಪ್ಪಾಗುವ ಲವಣ, ಆದ್ದರಿಂದಲೇ ಅದನ್ನು ಬೆಳಕಿನಿಂದ ಮರೆಮಾಡಿ ಇಡಬೇಕು. ಮಾಡೆಲ್ ಬಣ್ಣ ಅಷ್ಟು ನಾಜೂಕಲ್ಲ. ಆದರೂ ಕಿಟಕಿ ಕಟ್ಟೆಯ ಬಿಸಿಲು ಅದಕ್ಕೆ ಒಳ್ಳೆಯದಲ್ಲ.

ಹೇಳಿಕೆ 5: ಚೆನ್ನಾಗಿ ಕಾಣುವ ಹಳೆಯ ಬಣ್ಣ ಸುರಕ್ಷಿತ

ಎಲ್ಲಕ್ಕಿಂತ ಗಮನ ಕೊಡಬೇಕಾದದ್ದು ಇಲ್ಲಿ. ತಾತನ ಕಾಲದ ಎನಾಮಲ್ ಡಬ್ಬಿ ಕಲಕಿದರೆ ಹೊಸದರಂತೆ ಹೊಳೆಯಬಹುದು. ಆದರೆ ಹಳೆಯ ಬಣ್ಣಗಳಲ್ಲಿ, ಮುಖ್ಯವಾಗಿ ಗಾಢ ಹಳದಿ, ಕಿತ್ತಳೆ, ಕೆಂಪುಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮವನ್ನು ಕೇಂದ್ರ ಸರ್ಕಾರ 2016ರ ನವೆಂಬರ್‌ನಲ್ಲಿ ಹೊರಡಿಸಿತು, ಅದು ಜಾರಿಗೆ ಬಂದದ್ದು ಒಂದು ವರ್ಷದ ನಂತರ. ಅಂದರೆ ಅದಕ್ಕೂ ಹಿಂದಿನ ಡಬ್ಬಿಗೆ ಆ ಭರವಸೆ ಇಲ್ಲ.

ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಇಷ್ಟು ಪ್ರಮಾಣ ಸುರಕ್ಷಿತ ಎಂಬ ಮಟ್ಟವೇ ತಿಳಿದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಣ್ಣಿಂದ, ವಾಸನೆಯಿಂದ ಅದನ್ನು ಪತ್ತೆ ಮಾಡಲಾಗದು. ಆದ್ದರಿಂದ ಡಬ್ಬಿಯ ಮೇಲೆ ತಯಾರಿಕೆಯ ತಿಂಗಳು, ವರ್ಷ ನೋಡಿ. ತೀರಾ ಹಳೆಯದಾದರೆ ಅಥವಾ ಲೇಬಲ್ ಅಳಿಸಿದ್ದರೆ ಮಕ್ಕಳ ಆಟಿಕೆಗೆ, ತೊಟ್ಟಿಲಿಗೆ, ಕೆರೆಗೆ ಬಿಡುವ ಗಣಪನಿಗೆ ಬಳಿಯಬೇಡಿ. ಹಳೆಯ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ಧೂಳೆಬ್ಬಿಸುವುದೂ ಬೇಡ.

ಎಸೆಯುವುದು ಹೇಗೆ?

ಸಿಂಕ್‌ಗೆ, ಮೋರಿಗೆ ಸುರಿಯಬೇಡಿ. ನಮ್ಮ ಪಶ್ಚಿಮ ಬೆಂಗಳೂರಿನ ಮೋರಿಗಳಿಗೆ ಬಿದ್ದದ್ದು ವೃಷಭಾವತಿ ಸೇರುತ್ತದೆ. 2016ರ ಘನತ್ಯಾಜ್ಯ ನಿಯಮಗಳು ಬಣ್ಣದ ಡಬ್ಬಿಯನ್ನು ಮನೆಯ ಅಪಾಯಕಾರಿ ತ್ಯಾಜ್ಯವೆಂದು ಗುರುತಿಸಿದ್ದವು. ಹಸಿ ಕಸ, ಒಣ ಕಸದ ಜೊತೆ ಸೇರಿಸದೆ ಮುಚ್ಚಳ ಬಿಗಿದು, ಬೇರೆಯಾಗಿ ಕಟ್ಟಿ, ಇಂಥದ್ದೆಂದು ಹೇಳಿ ಕಸದ ಗಾಡಿಯವರಿಗೆ ಕೊಡಿ.

ಒಟ್ಟಾರೆ

ತಾರೀಖು ದಾಟಿತೆಂದು ಒಳ್ಳೆಯ ಬಣ್ಣ ಎಸೆಯಬೇಕಿಲ್ಲ. ಕಲಕಿದಾಗ ನಯವಾಗಿ ಬೆರೆತು, ಕೆಟ್ಟ ವಾಸನೆ ಇಲ್ಲದೆ, ಬೇಡದ ತುಂಡಿನ ಮೇಲೆ ಬಳಿದಾಗ ಸರಿಯಾಗಿ ಒಣಗಿದರೆ ಆ ಬಣ್ಣ ಬಳಸಬಹುದು. ರಬ್ಬರಿನಂತೆ ಎಳೆ ಬಂದರೆ, ಗಂಟಾದರೆ, ಕೊಳೆತ ವಾಸನೆ ಬಂದರೆ ಬಿಟ್ಟುಬಿಡಿ. ಮಕ್ಕಳ ಕೈಗೆ ಹೋಗುವ ವಸ್ತುವಾದರೆ ಮಾತ್ರ ಹಳೆಯ ಡಬ್ಬಿಯ ಉಳಿತಾಯ ಬೇಡ. ಈ ಲೇಖನವನ್ನು ಫಾರ್ವರ್ಡ್ ಮಾಡುವ ಮೊದಲು ಒಮ್ಮೆ ನಿಮ್ಮ ಮನೆಯ ಅಟ್ಟ ನೋಡಿ ಬನ್ನಿ.