ಗುಪ್ತನಾಮೀಕರಣ ಮತ್ತು ಮರುಗುರುತಿಸುವಿಕೆ

ವೈಯಕ್ತಿಕ ದಾಖಲೆಯಿಂದ ಹೆಸರು, ವಿಳಾಸ, ಫೋನ್ ನಂಬರುಗಳನ್ನು ತೆಗೆದು ಅಲ್ಲಿ ಸಂಕೇತವೊಂದನ್ನು ಇಡುವುದು ಗುಪ್ತನಾಮೀಕರಣ. ಒಬ್ಬ ವ್ಯಕ್ತಿಯ ಎಲ್ಲ ವಿವರಗಳೂ ಒಂದೇ ಸಂಕೇತದಡಿ ಉಳಿಯುವುದರಿಂದ ಸಂಶೋಧಕರಿಗೆ ಇದು ಅನುಕೂಲ. ಅಪಾಯ ಹುಟ್ಟುವುದೂ ಅಲ್ಲಿಂದಲೇ: ಹೆಸರಿಲ್ಲದ ವಿವರಗಳೇ ಕೂಡಿಕೊಂಡು ಆ ವ್ಯಕ್ತಿಯನ್ನು ತೋರಿಸಿಕೊಡಬಲ್ಲವು. ಇದೇ ಮರುಗುರುತಿಸುವಿಕೆ.

ಈ ಅಪಾಯವನ್ನು ಮೊದಲು ಮನಗಾಣಿಸಿದವರಲ್ಲಿ ಅಮೆರಿಕದ ಲಟಾನ್ಯಾ ಸ್ವೀನಿ ಪ್ರಮುಖರು. 1990ರ ದಶಕದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ವಿಮಾ ಆಯೋಗ ಸರ್ಕಾರಿ ನೌಕರರ ಚಿಕಿತ್ಸಾ ದಾಖಲೆಗಳನ್ನು ಹೆಸರು ಅಳಿಸಿ ಸಂಶೋಧನೆಗೆ ಕೊಟ್ಟಿತ್ತು. ಆಗ ವಿದ್ಯಾರ್ಥಿನಿಯಾಗಿದ್ದ ಸ್ವೀನಿ ಕೇಂಬ್ರಿಜ್ ನಗರದ ಮತದಾರರ ಪಟ್ಟಿಯನ್ನು 20 ಡಾಲರಿಗೆ ಕೊಂಡು ಎರಡನ್ನೂ ತಾಳೆ ನೋಡಿದರು. ರಾಜ್ಯದ ಆಗಿನ ಗವರ್ನರ್ ವಿಲಿಯಂ ವೆಲ್ಡ್ ಹುಟ್ಟಿದ ದಿನವೇ ಹುಟ್ಟಿದವರು ಆ ಪಟ್ಟಿಯಲ್ಲಿ ಆರು ಮಂದಿ. ಅವರಲ್ಲಿ ಗಂಡಸರು ಮೂವರು. ಆ ಮೂವರಲ್ಲಿ ವೆಲ್ಡ್ ಅವರ ಅಂಚೆ ಪ್ರದೇಶದಲ್ಲಿದ್ದವರು ಅವರೊಬ್ಬರೇ. ಗವರ್ನರರ ಆಸ್ಪತ್ರೆಯ ವಿವರ ಹೀಗೆ ಸಿಕ್ಕಿತು. ಜನ್ಮದಿನಾಂಕ, ಲಿಂಗ, ಅಂಚೆ ಸಂಖ್ಯೆ ಈ ಮೂರರಿಂದಲೇ ಅಮೆರಿಕನ್ನರಲ್ಲಿ ಶೇ. 87ರಷ್ಟು ಜನ ಪ್ರತ್ಯೇಕವಾಗಿ ಬೇರ್ಪಡುತ್ತಾರೆಂದು ಸ್ವೀನಿ ಅಂದಾಜಿಸಿದರು. 2006ರಲ್ಲಿ ಫಿಲಿಪ್ ಗೋಲ್ ಮರುಲೆಕ್ಕ ಹಾಕಿದಾಗ ಅದು ಶೇ. 63ಕ್ಕೆ ಇಳಿಯಿತು. ಅದೂ ಸಮಾಧಾನ ತರುವ ಅಂಕಿಯಲ್ಲ.

ಓಡಾಟದ ದಾಖಲೆಯಂತೂ ಇನ್ನೂ ಸೂಕ್ಷ್ಮ. 15 ಲಕ್ಷ ಮೊಬೈಲ್ ಬಳಕೆದಾರರ 15 ತಿಂಗಳ ಮಾಹಿತಿಯನ್ನು ಪರಿಶೀಲಿಸಿದ 2013ರ ಅಧ್ಯಯನವೊಂದರ ಪ್ರಕಾರ, ಯಾವ ಹೊತ್ತಿಗೆ ಯಾವ ಟವರಿನ ಬಳಿ ಇದ್ದರೆಂಬ ನಾಲ್ಕು ವಿವರ ಸಾಕು, ಶೇ. 95 ಮಂದಿಯನ್ನು ಉಳಿದವರಿಂದ ಬೇರ್ಪಡಿಸಬಹುದು. ದಿನಾಲೂ ಮನೆಗೂ ಕೆಲಸಕ್ಕೂ ಹೋಗಿಬರುವ ಬಹುತೇಕ ಯಾರಿಗೂ ಇದರಿಂದ ವಿನಾಯಿತಿ ಇಲ್ಲ.

ಸಂಕೇತ ಕೊಡುವ ವಿಧಾನವೇ ಕೈಕೊಟ್ಟದ್ದೂ ಉಂಟು. ನ್ಯೂಯಾರ್ಕಿನಲ್ಲಿ 2013ರ 17 ಕೋಟಿಗೂ ಹೆಚ್ಚು ಟ್ಯಾಕ್ಸಿ ಪ್ರಯಾಣಗಳ ವಿವರ 2014ರಲ್ಲಿ ಬಹಿರಂಗವಾಯಿತು. ಪರವಾನಗಿ ಸಂಖ್ಯೆಗಳನ್ನು ಎಂಡಿ5 ಎಂಬ ಗಣಿತ ಸೂತ್ರದಿಂದ ಮರೆಮಾಡಲಾಗಿತ್ತು. ಆದರೆ ಆ ಸಂಖ್ಯೆಗಳ ಮಾದರಿಗಳು ಕೆಲವೇ ಕೆಲವು. ಸಾಧ್ಯವಿರುವ ಎಲ್ಲ ಸಂಖ್ಯೆಗಳನ್ನೂ ಅದೇ ಸೂತ್ರಕ್ಕೆ ಹಾಕಿ ಹೋಲಿಸಿದ ತಂತ್ರಜ್ಞರಿಗೆ ಮೂಲಸಂಖ್ಯೆಗಳು ಬೇಗನೆ ದಕ್ಕಿದವು. ಖ್ಯಾತನಾಮರು ಟ್ಯಾಕ್ಸಿ ಹತ್ತುವ ಫೋಟೊಗಳೊಂದಿಗೆ ಹೊಂದಿಸಿದಾಗ ಅವರು ಹೋದ ಜಾಗ, ಕೊಟ್ಟ ಬಾಡಿಗೆ ಕೂಡ ಹೊರಬಿದ್ದವು.

ಐರೋಪ್ಯ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣಾ ನಿಯಮ ಗುಪ್ತನಾಮೀಕರಣವನ್ನು ರಕ್ಷಣಾಕ್ರಮವೆಂದು ಒಪ್ಪಿದರೂ, ಮತ್ತೆ ವ್ಯಕ್ತಿಗೆ ಜೋಡಿಸಬಹುದಾದ ಅಂಥ ಮಾಹಿತಿಯನ್ನು ವೈಯಕ್ತಿಕವೆಂದೇ ಎಣಿಸುತ್ತದೆ. ಭಾರತದಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅನುಮತಿಯಿಲ್ಲದೆ ಮರುಗುರುತಿಸುವವರಿಗೆ ಮೂರು ವರ್ಷದವರೆಗೆ ಸೆರೆವಾಸವನ್ನು 2019ರ ದತ್ತಾಂಶ ಸಂರಕ್ಷಣಾ ಮಸೂದೆ ಸೂಚಿಸಿತ್ತು. 2022ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅಂಥ ಕಲಮು ಇಲ್ಲ. ಇದು ದೊಡ್ಡ ಕೊರತೆಯೇ ಸರಿ.