ಸ್ಪ್ಲಿಟ್ ಅಪ್ ಕೇಸು: ಕಾಡಿಗೆ ಹೋದವರು, ಕೋರ್ಟಿಗೆ ಬಂದವರು

2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಆರು ಮಂದಿ ನಕ್ಸಲರು ಶರಣಾದರು. ಶೃಂಗೇರಿ ಸೀಮೆಯ ಮುಂಡಗಾರು ಲತಾ, ಕಳಸದ ಬಾಳೆಹೊಳೆಯ ವನಜಾಕ್ಷಿ, ಕುತ್ಲೂರಿನ ಸುಂದರಿ ಅವರಲ್ಲಿದ್ದರು. 'ಅಲ್ಲಿಗೆ ಮಲೆನಾಡಿನ ನಕ್ಸಲ್ ಕಥೆ ಮುಗೀತು' ಅಂದವರೇ ಜಾಸ್ತಿ. ಆದರೆ ಶರಣಾದ ಮಾತ್ರಕ್ಕೆ ಕೇಸು ಹೋಗೋದಿಲ್ಲ. ಕಡತದ ಕಥೆ ಶುರುವಾಗೋದೇ ಆಮೇಲೆ.

ಒಂದೇ ಘಟನೆಯ ಆರೋಪಿಗಳನ್ನು ಒಟ್ಟಿಗೆ ವಿಚಾರಣೆ ಮಾಡಬಹುದು ಅನ್ನುತ್ತಿತ್ತು 1973ರ ದಂಡ ಪ್ರಕ್ರಿಯಾ ಸಂಹಿತೆಯ 223ನೇ ಕಲಂ. ಹತ್ತು ಜನರಲ್ಲಿ ಎಂಟು ಜನ ಕಾಡಿನಲ್ಲಿದ್ದರೆ? ಸಿಕ್ಕ ಇಬ್ಬರು ಉಳಿದವರಿಗಾಗಿ ವರ್ಷಗಟ್ಟಲೆ ಕಾಯಬೇಕೇ? ಅದಕ್ಕೇ 317ನೇ ಕಲಂ, ಬಾರದವರ ಕೇಸನ್ನು ಬೇರೆ ಮಾಡುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಟ್ಟಿತ್ತು. ನಮ್ಮ ಕೋರ್ಟುಗಳ ಬಾಯಲ್ಲಿ ಇದು 'ಸ್ಪ್ಲಿಟ್ ಅಪ್'.

2005ರ ಫೆಬ್ರವರಿ 6ರಂದು ಕಳಸದ ಹತ್ತಿರ ಮೆಣಸಿನಹಾಡ್ಯದಲ್ಲಿ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದ ಸುದ್ದಿ ಎಲ್ಲರಿಗೂ ನೆನಪಿದೆ. ಆದರೆ ಎನ್‌ಕೌಂಟರಿಗೆ ಸಿಕ್ಕ ಪ್ರಚಾರ ವಿಚಾರಣೆಗಳಿಗೆ ಸಿಗಲಿಲ್ಲ.

ಕುದುರೆಮುಖದ ಬೆಟ್ಟ ಇಳಿದರೆ ಸಿಗುವ ಕುತ್ಲೂರನ್ನೇ ನೋಡಿ. 2012ರ ಮಾರ್ಚ್‌ನಲ್ಲಿ ಅಲ್ಲಿನ ವಿಠಲ ಮಲೆಕುಡಿಯ ಮತ್ತು ಅವರ ತಂದೆ ಬಂಧನಕ್ಕೊಳಗಾದರು. ವಿಠಲ ಆಗ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ವಿದ್ಯಾರ್ಥಿ. ಹೊರಿಸಿದ್ದು ರಾಜದ್ರೋಹ ಮತ್ತು ಯುಎಪಿಎ ಆರೋಪ. ಸಾಕ್ಷ್ಯವಾಗಿ ಹಾಜರಾದವುಗಳಲ್ಲಿ ಭಗತ್ ಸಿಂಗ್ ಬಗೆಗಿನ ಪುಸ್ತಕವೂ ಇತ್ತು! ಅದೇ ಪ್ರಕರಣದಲ್ಲಿ ವಿಕ್ರಂ ಗೌಡ ಮುಂತಾದವರ ಹೆಸರೂ ಇತ್ತು, ಅವರು ಸಿಗಲಿಲ್ಲ. ಕೋರ್ಟಿನಲ್ಲಿ ನಿಂತವರು ಅಪ್ಪ, ಮಗ ಇಬ್ಬರೇ. 2021ರ ಅಕ್ಟೋಬರ್ 21ರಂದು ಇಬ್ಬರೂ ಖುಲಾಸೆಯಾದರು. ವಿಕ್ರಂ ಗೌಡ 2024ರ ನವೆಂಬರ್ 18ರಂದು ಹೆಬ್ರಿ ಬಳಿ ಎನ್‌ಕೌಂಟರಿನಲ್ಲಿ ಸತ್ತರು. ಆರೋಪಿ ಸತ್ತರೆ ಆತನ ಮೇಲಿನ ಕೇಸೂ ಅಲ್ಲಿಗೆ ನಿಲ್ಲುತ್ತದೆ.

ಬೇರೆ ಮಾಡದೆ ಕಾದಿದ್ದರೆ ಅಪ್ಪ, ಮಗನ ಗತಿ ಏನಾಗುತ್ತಿತ್ತು? ಯೋಚಿಸಿ. ಒಂಬತ್ತು ವರ್ಷವೇ ಹೆಚ್ಚಾಯಿತು, ಇನ್ನೂ ಮೂರು ವರ್ಷ ಆರೋಪಿಗಳಾಗಿಯೇ ಉಳಿಯುತ್ತಿದ್ದರು.

ಇದರ ಇನ್ನೊಂದು ಮುಖವೂ ಇದೆ. ಮೊದಲ ವಿಚಾರಣೆಯಲ್ಲಿ ಸಹ ಆರೋಪಿ ಖುಲಾಸೆಯಾದ ಅಂತ ತಲೆಮರೆಸಿಕೊಂಡವನು ತಾನಾಗಿಯೇ ಬಿಡುಗಡೆ ಆಗೋದಿಲ್ಲ. ಸಿಕ್ಕ ದಿನ ಸಾಕ್ಷಿಗಳನ್ನು ಮತ್ತೆ ಕರೆಸಬೇಕು. ಇಪ್ಪತ್ತು ವರ್ಷದಲ್ಲಿ ಮಹಜರಿಗೆ ಸಹಿ ಹಾಕಿದ ಪಂಚರು ತೀರಿಕೊಂಡಿರಬಹುದು, ತನಿಖಾಧಿಕಾರಿ ನಿವೃತ್ತರಾಗಿರಬಹುದು. ಆರೋಪಿ ಇಲ್ಲದಾಗಲೇ ಸಾಕ್ಷ್ಯ ದಾಖಲಿಸಿಡಲು 299ನೇ ಕಲಂ ಇತ್ತು. ಹಾಗೆ ದಾಖಲಿಸಿದ ಸಾಕ್ಷಿ ಸತ್ತುಹೋಗಿದ್ದರೆ, ಪಾಟಿ ಸವಾಲು ಮಾಡೋದು ಯಾರನ್ನು?

2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇನ್ನೂ ಮುಂದೆ ಹೋಗಿದೆ. ಅದರ 356ನೇ ಕಲಂ ಪ್ರಕಾರ, ಘೋಷಿತ ಅಪರಾಧಿ ವಿಚಾರಣೆ ತಪ್ಪಿಸಿಕೊಳ್ಳಲು ಓಡಿಹೋಗಿದ್ದರೆ, ಆರೋಪ ಹೊರಿಸಿ 90 ದಿನ ಕಳೆದ ಮೇಲೆ ಅವನಿಲ್ಲದೆಯೇ ವಿಚಾರಣೆ ನಡೆಸಿ ತೀರ್ಪು ಕೊಡಬಹುದು. ಕೇಸು ಒಡೆಯುವ ಅಗತ್ಯ ಇದರಿಂದ ಕಡಿಮೆಯಾಗಬಹುದು. ಆದರೆ ಎದುರಿಗೇ ಇಲ್ಲದ ಮನುಷ್ಯನ ಪರವಾಗಿ ವಕೀಲ ಏನಂತ ವಾದಿಸಬೇಕು?

ಊರಲ್ಲೇ ಉಳಿದವನು ಕಾಯಬಾರದು, ಕಾಡಿಂದ ಬಂದವನಿಗೂ ನ್ಯಾಯ ತಪ್ಪಬಾರದು. ಎರಡನ್ನೂ ಒಟ್ಟಿಗೆ ಸಾಧಿಸೋದು ಹೇಗೆ? ಕಾನೂನು ಬಲ್ಲ ಬ್ಲಾಗಿಗರು ಬರೆದರೆ ಓದೋಕೆ ನಾನು ರೆಡಿ.