ರೂಟರ್‌ಗಳಲ್ಲಿ ರಿಪ್ ಪ್ರೋಟೋಕಾಲ್ ಅಳವಡಿಕೆ: ಸಾರ್ವಜನಿಕ ಮಾಹಿತಿ

ಸೇವಾ ಕೇಂದ್ರದ ಕೌಂಟರಿನಲ್ಲಿ ಸ್ವೀಕರಿಸಲಾದ ಅರ್ಜಿಯು ಮುಖ್ಯ ಸರ್ವರನ್ನು ತಲುಪುವ ಮುನ್ನ ಹಲವು ರೂಟರ್‌ಗಳನ್ನು ಹಾದುಹೋಗುತ್ತದೆ. ಮಾಹಿತಿ ಯಾವ ದಾರಿಯಲ್ಲಿ ಸಾಗಬೇಕೆಂಬುದನ್ನು ರೂಟರ್‌ಗಳು ತಾವೇ ಅರಿತುಕೊಳ್ಳುವ ಹಳೆಯ ಹಾಗೂ ಸರಳ ಪದ್ಧತಿಯೇ ರಿಪ್. ಇದರ ಮೊದಲ ವಿವರಣೆ 1988ರಲ್ಲಿಯೂ 2ನೇ ಆವೃತ್ತಿಯ ಮಾನಕ 1998ರಲ್ಲಿಯೂ ಪ್ರಕಟವಾದವು. ದೊಡ್ಡ ಜಾಲಗಳಿಗೆ ಓಎಸ್‌ಪಿಎಫ್ ಹೆಚ್ಚು ಸೂಕ್ತವಾಗಿದ್ದು, ರಿಪ್ ಸಣ್ಣ ಜಾಲಗಳಿಗೆ ತಕ್ಕುದಾಗಿದೆ.

ಉದಾಹರಣೆಗೆ, ಮಲ್ಲೇಶ್ವರ, ಚಾಮರಾಜಪೇಟೆ, ಬಸವನಗುಡಿಗಳಲ್ಲಿ ತಲಾ ಒಂದು ರೂಟರ್ ಇದ್ದು, ಇದೇ ಕ್ರಮದಲ್ಲಿ ಜೋಡಣೆಯಾಗಿವೆಯೆಂದು ಭಾವಿಸಬಹುದು. ಮಲ್ಲೇಶ್ವರದ ರೂಟರಿಗೆ ಇಡೀ ಜಾಲದ ನಕ್ಷೆ ತಿಳಿದಿರುವುದಿಲ್ಲ. ‘ಬಸವನಗುಡಿಯ ಜಾಲ ನನ್ನಿಂದ ಇಷ್ಟು ದೂರ’ ಎಂದು ಚಾಮರಾಜಪೇಟೆ ಪ್ರತಿ 30 ಸೆಕೆಂಡಿಗೊಮ್ಮೆ ತಿಳಿಸುವ ಲೆಕ್ಕವನ್ನು ಅದು ನಂಬುತ್ತದೆ. ದೊಡ್ಡ ಬಸವಣ್ಣನ ಗುಡಿಗೆ ಹೊರಟ ಹೊಸಬರು ವೃತ್ತ ವೃತ್ತದಲ್ಲಿಯೂ ದಾರಿ ವಿಚಾರಿಸುತ್ತ ಸಾಗುವುದಕ್ಕೆ ಇದನ್ನು ಹೋಲಿಸಬಹುದು. ದೂರವೆಂದರೆ ನಡುವಿನ ರೂಟರ್‌ಗಳ ಎಣಿಕೆ ಮಾತ್ರ. ಲೈನಿನ ವೇಗ ಗಣನೆಗೆ ಬಾರದು.

ತೊಡಕು ಇರುವುದು ಇಲ್ಲಿಯೇ. ಬಸವನಗುಡಿಯ ಲೈನು ಕಡಿದಾಗ, ಚಾಮರಾಜಪೇಟೆಯ ರೂಟರು ಮಲ್ಲೇಶ್ವರದ ಹಳೆಯ ಲೆಕ್ಕವಾದ 2ನ್ನು ನಂಬಿ ತನ್ನ ದೂರವನ್ನು 3 ಎಂದು ಬರೆದುಕೊಳ್ಳಬಹುದು. ಅದನ್ನು ಕೇಳಿ ಮಲ್ಲೇಶ್ವರ 4 ಎನ್ನುತ್ತದೆ. ಇಲ್ಲದ ದಾರಿಯ ಲೆಕ್ಕ ಹೀಗೆ ಏರುತ್ತ ಹೋಗುತ್ತದೆ. ಆದುದರಿಂದಲೇ 16 ಎಂಬುದನ್ನು ‘ತಲುಪಲಾಗದು’ ಎಂದು ನಿಗದಿಪಡಿಸಲಾಗಿದೆ. ಒಬ್ಬರಿಂದ ತಿಳಿದುದನ್ನು ಅವರಿಗೇ ಮರಳಿ ಹೇಳಬಾರದೆಂಬ ‘ಸ್ಪ್ಲಿಟ್ ಹೊರೈಜನ್’ ನಿಯಮವೂ ಇದನ್ನು ತಡೆಯುವುದಕ್ಕಾಗಿಯೇ ಇದೆ. ಸಕಾರಣವಿಲ್ಲದೆ ಅದನ್ನು ತೆಗೆಯತಕ್ಕದ್ದಲ್ಲ.

ಸಿಸ್ಕೋ ರೂಟರಿನಲ್ಲಿ ‘ರೂಟರ್ ರಿಪ್’, ‘ವರ್ಷನ್ 2’, ‘ನೋ ಆಟೋ-ಸಮ್ಮರಿ’ ಆದೇಶಗಳನ್ನು ನೀಡಿ, ನಂತರ ನೇರ ಜೋಡಣೆಯ ಪ್ರತಿ ಜಾಲವನ್ನೂ ‘ನೆಟ್‌ವರ್ಕ್ 10.0.0.0’ ಎಂಬಂತೆ ನಮೂದಿಸಬೇಕು. ಮೂರನೆಯ ಆದೇಶ ಬಿಟ್ಟುಹೋಗುವುದು ಸಾಮಾನ್ಯ. ಕಚೇರಿಗಳು 10ರ ಸರಣಿಯ ಬೇರೆ ಬೇರೆ ಭಾಗಗಳಲ್ಲಿದ್ದು, ನಡುವಿನ ಲೈನು 192.168ರ ಸರಣಿಯಲ್ಲಿದ್ದರೆ, ಪ್ರತಿ ರೂಟರೂ 10ರ ಸರಣಿಯೆಲ್ಲವೂ ತನ್ನದೆಂದು ಸಾರುತ್ತದೆ. ಅರ್ಜಿಗಳು ದಾರಿ ತಪ್ಪುತ್ತವೆ. ಕೌಂಟರ್ ಕಡೆಯ ಪೋರ್ಟನ್ನು ‘ಪ್ಯಾಸಿವ್-ಇಂಟರ್‌ಫೇಸ್’ ಆಗಿ ಗುರುತಿಸುವುದು ಸೂಕ್ತ. ‘ಶೋ ಐಪಿ ರೂಟ್’ ಪಟ್ಟಿಯಲ್ಲಿ ‘ಆರ್’ ಅಕ್ಷರವಿರುವ ಸಾಲುಗಳು ರಿಪ್ ಮೂಲಕ ತಿಳಿದ ದಾರಿಗಳು.

ನೆರೆಯ ರೂಟರು ಮೌನವಾದಲ್ಲಿ ಅದರ ಮೂಲಕದ ದಾರಿಯನ್ನು ಕೈಬಿಡಲು ಸಾಮಾನ್ಯವಾಗಿ 180 ಸೆಕೆಂಡುಗಳು ಬೇಕಾಗುತ್ತವೆ. ಈ ಮೂರು ನಿಮಿಷಗಳಲ್ಲಿ ಸರ್ವರು ಸುಸ್ಥಿತಿಯಲ್ಲಿದ್ದರೂ ಕೌಂಟರಿನ ಪರದೆ ಸ್ತಬ್ಧವಾಗಿರಬಹುದು. ಹಣ ಪಾವತಿಯ ನಡುವೆ ಹೀಗಾದಲ್ಲಿ, ಅರ್ಜಿದಾರರು ಮೊದಲ ಪಾವತಿ ದಾಖಲಾಗಿದೆಯೇ ಎಂಬುದನ್ನು ಸಿಬ್ಬಂದಿಯಿಂದ ಪರಿಶೀಲಿಸಿಕೊಳ್ಳದೆ ಎರಡನೆಯ ಬಾರಿ ಪಾವತಿಸಬಾರದು.